ಹೊಲೀಲಾರದ ಬಿಟ್ಟ ಗಾಯ

ಮೂವತ್ತೆರಡು ವರ್ಷ ಈ ಕುರ್ಲಾದಾಗ
ಮಂದಿ ಹರಕೊಂಡು ತಂದದ್ದೆಲ್ಲ ಹೊಲದೀನಿ.
ಸಾಲಿ ಚೀಲ, ಮದುವಿ ಜಂಪರ,
ಹವಾಲ್ದಾರನ ಪ್ಯಾಂಟಿನ ಹಿಂಬದಿ.
ಒಂದೂ ತೂತು ಬಾಯಿ ತಕ್ಕೊಂಡು ಹೊಳ್ಳಿ ಹೋಗಿಲ್ಲ.

ಅಂಥಾಕಿ ನಾನು.
ಡಾಕ್ಟರ್ ಸಾಹೇಬ್ರು ಚೀಲ ಬಿಚ್ಚಿ,
ಕರಳಿನ ಎರಡೂ ತುದಿ ಕೂಡಿಸಿ ಒಳಗ ಇಟ್ಟು
ಹೊಟ್ಟಿ ಮ್ಯಾಲಿನ ತೂತು ಹಂಗ ಬಿಟ್ಟಾರ!
"ದಾರ ಕಮ್ಮಿ ಬಿತ್ತೇನ್ರಿ?"
ಅವರಿಗೆ ಕನ್ನಡ ಬರೂದಿಲ್ಲ, ಮರಾಠಿಯೊಳಗ ಮತ್ತ ಕೇಳಿದೆ.
ನಕ್ಕರು. "ಮ್ಯಾಲ ಮುಚ್ಚಿದರ ಒಳಗ ಕೀವು ಕೂಡತದ.
ತಳದಿಂದ ತಾನ ತುಂಬಿಕೋತ ಬರಬೇಕು, ಬಾಯಿ."

ಬಾಯಿ ಅಂದ್ರ ಅವರ ಮಾತಿನಾಗ ನಾನು,
ನಮ್ಮ ಮಾತಿನಾಗ ಗಾಯಕ್ಕ ಇರೂದು.

ಕೆಳಗಿನ ಗಂಟು ತಗದಾಗಿಂದ ಒಂಬತ್ತು ತಿಂಗಳು
ಅದು ನನ್ನ ಬಲಕ್ಕ ಇತ್ತು,
ಟೊಮೆಟೊ ಹೋಳಿನಂಗ ಕೆಂಪಗ, ಒದ್ದೊದ್ದಿ.
ಕೇಳೂದಿಲ್ಲ, ಹೇಳೂದಿಲ್ಲ, ತನಗ ಬೇಕಾದಾಗ ಹರಿಯೂದು.
ಗಿರಾಕಿ ಮುಂದ ಗುರ್ ಅಂದ್ರ
ಮಷೀನಿನ ಸಪ್ಪಳ ಅನ್ನಲಿ ಅಂತ ಪೆಡಲ್ ಜೋರ್ ತುಳೀತಿದ್ದೆ.
ಚೀಲಕ್ಕ ಹೊಂದೂ ಹಾಂಗ ಪೆಟಿಕೋಟಿನ ಒಳಗ ಕಿಸೆ ಇಟ್ಟಿದ್ದೆ,
ಹೂವಿನ ಕಾಟನ್ ತುಂಡಿಂದು,
ಯಾರೂ ನೋಡಲಾರದ ಕಿಸೆಗೂ ಪೈಪಿಂಗ್.

ಆಪರೇಷನ್ ಆದ ಮೂರು ದಿನ ಹೊಟ್ಟಿ ಮಾತಾಡಲಿಲ್ಲ.
ವಾರ್ಡಿಗೆ ವಾರ್ಡ ನನ್ನ ಒಂದು ಹೂಸಿಗೆ ಕಾಯತಿತ್ತು.
ನಾಕನೇ ದಿನ ನಸಿಕಿನ್ಯಾಗ
ಮೊದಲನೇ ಲೋಕಲ್ ಹೊಂಟಾಗ, ನನ್ನದೂ ಹೊಂಟಿತು.
ಸಿಸ್ಟರ್ ಗಾವಿತ್ ಚಪ್ಪಾಳಿ ತಟ್ಟಿದಳು.
ನಲವತ್ತೊಂಬತ್ತು ವರ್ಷದಾಗ
ಇದಕ್ಕ ಯಾರೂ ನನಗ ಶಾಬಾಸ್ ಅಂದಿದ್ದಿಲ್ಲ.

ಮನಿಗೆ ಬಂದ ದಿನ ಹದಿನಾಕು ಸಲ.
ಚಾಳಿನಾಗ ಆರು ಸಂಡಾಸ, ಎರಡಕ್ಕ ಬೀಗ.
ಹೋಗಿ ಬಂದು ಕೂಡೂದ್ರಾಗ ಮತ್ತ ಏಳಬೇಕು,
ತುಂಬಿದ ಡಬ್ಬಿ ಕೈಯಾಗ, ಜೀವ ಹಲ್ಲಿನಾಗ ಕಚ್ಚಿ.
ಫರ್ಜಾನಾ ತನ್ನ ಬಕೆಟ್ಟು ಸರಿಸಿದಳು.
ಜಗಳಗಂಟ ಲೋಖಂಡೆನೂ ಪೇಪರ್ ಮಡಚಿ ಗ್ವಾಡಿಗೆ ಹತ್ತಿ ನಿಂತ.
ಯಾರೂ ಏನೂ ಕೇಳಲಿಲ್ಲ.
ಉರಿಗೆ ಕೊಬ್ಬರಿ ಎಣ್ಣಿ ಹಚ್ಚು ಅಂತ
ಸಾಲಿನ ಹಿಂದಿನಿಂದ ಒಂದು ದನಿ ಅಷ್ಟ ಬಂತು.

ದಿನಾ ಮುಂಜಾನೆ ದವಾಖಾನಿ.
ಉಪ್ಪುನೀರಾಗ ನೆನಸಿದ ಪಟ್ಟಿ ಚಿಮಟಿಗಿಲೆ ಒಳಗ ತುರಕತಾರ,
ಗಾದಿ ಮೂಲಿಗೆ ಅರಳಿ ತುಂಬಿದಂಗ.
ನಿನ್ನಿನ ಪಟ್ಟಿ ಎಳದಾಗ ಕಣ್ಣಿಗೆ ಕತ್ತಲ.
"ರಕ್ತ ಬಂದ್ರ ಚಲೋ. ಜೀವ ಇದ್ದ ಮಾಂಸ" ಅಂತಾಳ ಸಿಸ್ಟರ್.

ಅಳತಿ ಬುಕ್ಕಿನಾಗ ಬರಕೊಂಡೆ.
ಸವಿತಾ ಪೋಳ: ಎದಿ ಮೂವತ್ತಾರು, ತೋಳು ಒಂಬತ್ತು.
ಅದರ ಕೆಳಗ
ನೀಲಗಂಗವ್ವ: ಆಳ ಒಂದೂವರಿ ಇಂಚು.
ಎಂಟು ದಿನಕ್ಕ ಒಂದೂಕಾಲು.
ಮುಂದಿನ ಎಂಟು ದಿನಕ್ಕೂ ಒಂದೂಕಾಲು, ಅವತ್ತು ಉಣ್ಣಲಿಲ್ಲ.
ಆಮ್ಯಾಲ ಮುಕ್ಕಾಲು.
ಆಮ್ಯಾಲ ಅಳೀಲಿಕ್ಕೆ ಹೋದ್ರ ಟೇಪಿನ ತುದಿ ಒಳಗ ಹೋಗಲಿಲ್ಲ.

ಇವತ್ತು ಪಟ್ಟಿ ಇಲ್ಲ. ಒಂದು ಗುಳಿ,
ಹಿಟ್ಟಿನಾಗ ಹೆಬ್ಬೆರಳು ಒತ್ತಿದಂಗ, ಅಂಚು ಸೊಟ್ಟ.
ನಾನಾಗಿದ್ರ ಬಿಚ್ಚಿ ಮತ್ತ ಹೊಲೀತಿದ್ದೆ.
ಬೆರಳು ಆಡಿಸಿ ನೋಡಿದೆ, ಗಂಟು ಎಲ್ಲಿ ಹಾಕ್ಯಾರ?
ಗಂಟ ಇಲ್ಲ.

ಮಧ್ಯಾಹ್ನ ಮಷೀನಿಗೆ ಎಣ್ಣಿ ಬಿಟ್ಟು ಕೂತೆ.
ಸವಿತಾ ಜಂಪರ ಇಸಕೊಳ್ಳಾಕ ಬಂದು ನಿಂತಾಳ,
ಹೊಟ್ಟಿ ಗುರ್ ಅಂತು.
ರೂಢಿಯಂಗ ಕಾಲು ಪೆಡಲಿಗೆ ಹೋತು,
ಹೋಗಿ ನಿಂತಿತು.
ಗುರ್ ಅನ್ನಲಿ.
ಸವಿತಾ ಕೇಳಿದಳು, "ಊಟ ಆಗಿಲ್ಲೇನ, ಮೌಶಿ?"