ಒಂಬತ್ತರ ಮಾತ್ರೆ

ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಸಿಕೊಂಡು
ಬಾಗಿಲನ್ನೇ ಬೈದರು, ಮೊದಲ ಸಲ.
ಎರಡನೇ ಸಲ ಬಡಗಿಯನ್ನು.
ಮೂರನೇ ಸಲ ಸುಮ್ಮನೆ ಉಜ್ಜಿಕೊಂಡರು.

ಕಣ್ಣಿಗೇನಾಗಿದೆ ನನಗೆ, ಎನ್ನುತ್ತಿದ್ದರು,
ಸೂಜಿಗೆ ದಾರ ಪೋಣಿಸಿ ತೋರಿಸುತ್ತಿದ್ದರು.
ನಿಜ. ಎದುರಿನದೆಲ್ಲ ಕಾಣುತ್ತಿತ್ತು.
ಬಿಸಿನೀರಲ್ಲಿ ಕುಣಿಯುವ ಗೂಡುಗಳಿಂದ
ಎಳೆಯ ತುದಿ ಹೆಕ್ಕುವ ಬೆರಳು ತಪ್ಪುತ್ತಿರಲಿಲ್ಲ.
ಎಡಗಡೆಯ ರಾಟೆಯಲ್ಲಿ ಎಳೆ ಕಡಿದು
ಕಾಲು ಗಂಟೆ ಬರಿದೇ ತಿರುಗಿದ್ದು ಮಾತ್ರ
ಕಾಣಲಿಲ್ಲ.

ಚಿಕ್ಕಬಳ್ಳಾಪುರದ ಕಣ್ಣಾಸ್ಪತ್ರೆಯಲ್ಲಿ ಹನಿ ಕೊಟ್ಟರು.
ರಾತ್ರಿ ಎಂಟಕ್ಕೆ ಕಣ್ಣಿಗೆ ಹನಿ,
ಒಂಬತ್ತಕ್ಕೆ ಬಿಪಿ ಮಾತ್ರೆ, ಹಾಲಿನ ಜೊತೆ.
ನಾಲ್ಕು ವರ್ಷ. ಒಂದು ದಿನ ತಪ್ಪಿಸಲಿಲ್ಲ ನಾನು.
ತಮ್ಮನ ಮಗಳ ಮದುವೆಯ ಗದ್ದಲದಲ್ಲೂ
ಸೆರಗಿನ ಗಂಟಿನಲ್ಲಿ ಮಾತ್ರೆ ಇತ್ತು.

ಕಣ್ಣಿನ ಒತ್ತಡ ಹದಿಮೂರು, ಸೊಗಸಾಗಿದೆ, ಎಂದರು.
ಆದರೂ ಆ ಬಿಳಿ ಬೋಗುಣಿಯೊಳಗೆ ಗದ್ದವಿಟ್ಟು
ಚುಕ್ಕಿ ಕಂಡಾಗ ಗುಂಡಿ ಒತ್ತುವ ಪರೀಕ್ಷೆ,
ಪರದೆಯಾಚೆ ಕೂತು ಕೇಳಿಸಿಕೊಳ್ಳುತ್ತಿದ್ದೆ:
ಟಿಕ್. ಟಿಕ್. ಆಮೇಲೆ ಏನೂ ಇಲ್ಲ.
ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು
ಆ ಏನೂ ಇಲ್ಲ.

'ಪ್ಯಾರೇಜಾನ್, ಶಿಡ್ಲಘಟ್ಟ!' ಎಂದು ಕೂಗಿದರು.
ಈ ಸಲ ಹೊಸ ಡಾಕ್ಟರಮ್ಮ. ಇನ್ನೂ ಹುಡುಗಿ.
ಕಂಪ್ಯೂಟರಿನಲ್ಲಿ ಕಣ್ಣಿನ ಒಳಗನ್ನು ತೋರಿಸಿದಳು:
ಕಿತ್ತಳೆ ಬಣ್ಣದ ಬಯಲು, ನಡುವೆ ಹಳದಿ ಬಿಲ್ಲೆ,
ಬಿಲ್ಲೆಯಿಂದ ಹೊರಟ ಕೆಂಪು ಎಳೆಗಳು.
ಓದುಬರಹ ಹೆಚ್ಚಿಲ್ಲ ನನಗೆ. ಎಳೆ ಗೊತ್ತು.
ಅವಳು ಬಾಯಿ ತೆರೆಯುವ ಮೊದಲೇ ಹೇಳಿದೆ,
ಕೆಳಗಿನವು ಸಣ್ಣಗಾಗಿವೆ ಅಲ್ವಾಮ್ಮಾ,
ಅಲ್ಲೊಂದು ಕಡೆ ಕಡಿದು ಕಲೆಯಾಗಿದೆ.
ಅವಳು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು.

ಆಮೇಲೆ ಇವರ ಕೈ ಹಿಡಿದಳು. ಬೆರಳು ತಣ್ಣಗಿದ್ದವು.
ಮೂವತ್ತು ವರ್ಷ ಕುದಿನೀರಲ್ಲಿ ದುಡಿದ ಬೆರಳು!
ಬೀಡಿ? ಎಂದಳು. ಇವರು ಗೋಡೆಯ ಕ್ಯಾಲೆಂಡರ್ ನೋಡಿದರು.
ಒತ್ತಡ ಇಳಿಸಿದರೆ ಸಾಲದು, ನರಕ್ಕೆ ರಕ್ತ ಮುಟ್ಟಬೇಕು.
ಬಿಪಿ ಮಾತ್ರೆ ಯಾವಾಗ ತಗೋತಾರೆ?

ನಾನು ಹೆಮ್ಮೆಯಿಂದ ಹೇಳಿದೆ.

ಒಂದು ಹಗಲು ಒಂದು ರಾತ್ರಿಗೆ ತೋಳಿಗೆ ಪಟ್ಟಿ ಕಟ್ಟಿ ಕಳಿಸಿದರು.
ಅರ್ಧ ಗಂಟೆಗೊಮ್ಮೆ ಗುರ್ರೆಂದು ಉಬ್ಬಿ
ಹಿಂಡಿ, ನಿಟ್ಟುಸಿರು ಬಿಟ್ಟು ಮಲಗುವ ಪಟ್ಟಿ.
ಇವರು ಗೊರಕೆ ಹೊಡೆದರು. ನಾನು ಎಣಿಸಿದೆ.
ಮಾರನೆಯ ದಿನ ಹಾಳೆ ಹೇಳಿತು:
ಬೆಳಗಿನ ಜಾವ ಮೂರಕ್ಕೆ ಬಿಪಿ ಪಾತಾಳ ಕಂಡಿತ್ತು.
ಊರೆಲ್ಲ ಒಲೆ ಆರಿಸಿ ಮಲಗಿದ ಹೊತ್ತಿನಲ್ಲಿ
ಕಣ್ಣ ಹಿಂದಿನ ಸಣ್ಣ ಎಳೆಗಳಿಗೆ
ಒಂದು ಗುಟುಕು ಸಿಕ್ಕಿರಲಿಲ್ಲ.
ನಾಲ್ಕು ವರ್ಷ.
ಹಾಲಿನ ಜೊತೆ, ನನ್ನ ಕೈಯಾರೆ.

ನಿಮ್ಮ ತಪ್ಪಲ್ಲ, ಚೀಟಿಯಲ್ಲಿ ಹಾಗೇ ಬರೆದಿದೆ, ಎಂದಳು.
ಮಾತ್ರೆ ಬಿಡುವಂತಿಲ್ಲ, ಎದೆಗೆ ಅದು ಬೇಕು;
ಬೆಳಿಗ್ಗೆಗೆ ಬದಲಿಸೋಣ.
ಹೋದದ್ದು?
ಹೋದದ್ದು ಬರಲ್ಲ. ಇರುವುದನ್ನು ಕಾಯೋಣ.

ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.
ಹಂಡಿಗನಾಳ ದಾಟಿದ ಮೇಲೆ ಇವರೆಂದರು,
'ಹಾಲು ಚೆನ್ನಾಗಿರ್ತಿತ್ತು.'

ಈಗ ಮಾತ್ರೆ ಬೆಳಿಗ್ಗೆ, ರಾಗಿ ಗಂಜಿಯಾದ ಮೇಲೆ.
ಬೀಡಿ ಕಟ್ಟು ಎಲ್ಲಿದೆಯೆಂದು ಗೊತ್ತು, ಎಣಿಸಿದ್ದೇನೆ:
ಕಡಿಮೆಯಾಗಿದೆ, ನಿಂತಿಲ್ಲ.
ರಾತ್ರಿ ಒಂಬತ್ತಾದರೆ ಕೈ ತಾನಾಗಿ ಡಬ್ಬಿಗೆ ಹೋಗುತ್ತೆ,
ಬರಿದೇ ವಾಪಸು ಬರುತ್ತೆ.
ಮೂರಕ್ಕೆ ಎಚ್ಚರ. ಕತ್ತಲಲ್ಲಿ
ಅವರ ಬೆರಳುಗಳನ್ನು ಅಂಗೈಯಲ್ಲಿಟ್ಟು ಉಜ್ಜುತ್ತೇನೆ,
ಬಿಸಿ ಕಣ್ಣಿಗೂ ಮುಟ್ಟೀತೇನೋ ಅಂತ.
ಮುಟ್ಟಲ್ಲ, ಗೊತ್ತು.

ಮದುವೆಯಾದಾಗಿನಿಂದ ಎಡಕ್ಕೇ ಕೂತವಳು ನಾನು,
ಊಟಕ್ಕೆ, ರಾಟೆಗೆ, ಬಸ್ಸಿಗೆ.
ಈಗ ಬಲಕ್ಕೆ ಬಂದಿದ್ದೇನೆ.