ಹೋಗುವಾಗ ಹೊಳೆ, ಬರುವಾಗ ಬಸ್ಸು

ಇಪ್ಪತ್ತೆರಡು ವರ್ಷ ಹರಿಗೋಲು ಹೆಣೆದಿದ್ದೇವೆ,
ಒಂದರಲ್ಲೂ ಕೂತು ದೂರ ಹೋದವರಲ್ಲ.
ಬಿದಿರು ಸೀಳುವುದು ಇವನು, ಟಾರು ಕಾಯಿಸುವುದು ನಾನು,
ಹೊಳೆಯ ಮೆಟ್ಟಿಲ ಹತ್ತಿರ ಒಮ್ಮೆ ತೇಲಿಸಿ
ಸೋರಲಿಲ್ಲವೆಂದರೆ ಮುಗಿಯಿತು.
ಕೊಂಡವರು ತಲೆಯ ಮೇಲೆ ಕವುಚಿಕೊಂಡು ಹೋಗುತ್ತಿದ್ದರು,
ಹಿಂದಿನಿಂದ ನೋಡಿದರೆ
ಆಮೆಯೊಂದು ಎರಡು ಕಾಲಲ್ಲಿ ನಡೆದ ಹಾಗೆ.

ಈ ಸಲ ಬೆಸ್ತರಕೊಪ್ಪಲಿನ ದುಂಡಮ್ಮ
ಫೋನಿನಲ್ಲೇ ಹೇಳಿಬಿಟ್ಟಳು:
"ಆಟೋ ಬಾಡ್ಗೆ ನಾನ್ ಕೊಡಾಕಿಲ್ಲ,
ನೀರಿನ್ ಸಾಮಾನು ನೀರಲ್ಲೇ ಬರ್ಲಿ."

ನರಸೀಪುರದ ಸಂಗಮ ಬಿಟ್ಟಾಗ ಬೆಳಿಗ್ಗೆ ಏಳು.
ಕಪಿಲೆಯದೊಂದು ಬಣ್ಣ, ಕಾವೇರಿಯದೊಂದು,
ಮಾತು ಬಿಟ್ಟ ಓರಗಿತ್ತಿಯರು ಸಂತೆಯಿಂದ ಬರುವ ಹಾಗೆ
ಸ್ವಲ್ಪ ದೂರ ಪಕ್ಕಪಕ್ಕದಲ್ಲೇ, ಬೇರೆಬೇರೆ.

ಗಂಟಿನಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ,
ಇರಲಿ ಅಂತ ಒಂದು ಡಬ್ಬ ಟಾರು.
ಹುಟ್ಟು ಇವನ ಕೈಯಲ್ಲಿ. ನನಗೆ ಕೆಲಸವಿಲ್ಲ.
ಕೆಲಸವಿಲ್ಲದೆ ಕೂತ ನೆನಪೇ ಇಲ್ಲ ನನಗೆ;
ಕೈ ಎಲ್ಲಿಡಬೇಕೋ ತಿಳಿಯದೆ
ಹೆಣಿಗೆಯ ಮೇಲಿಟ್ಟೆ, ಎಣಿಸಿದೆ:
ಇದು ಅವನು ಕಟ್ಟಿದ ಸುತ್ತು, ಇದು ನಾನು,
ಇದು ನನಗೆ ಜ್ವರ ಬಂದ ದಿನದ್ದು, ಸಡಿಲ.

ದಡದ ಕಬ್ಬು ನಿಂತಲ್ಲೇ ಹಿಂದೆ ಹೋಯಿತು.
ಹಸು ತೊಳೆಯುತ್ತಿದ್ದವರು ಯಾರೋ ಕೈ ಎತ್ತಿದರು,
ನಾನೂ ಎತ್ತಿದೆ.
"ಯಾರದು?" ಅಂದ.
"ನಂಗೇನ್ ಗೊತ್ತು" ಅಂದೆ.
ಇಬ್ಬರೂ ನಕ್ಕೆವು, ಸುಮ್ಮನೆ.

ಬಂಡೆಗಳ ನಡುವೆ ಸುಳಿ.
ಹರಿಗೋಲು ಒಮ್ಮೆ ತಿರುಗಿತು, ಮತ್ತೆ ತಿರುಗಿತು,
ಕಬ್ಬು, ತೆಂಗು, ಆಕಾಶ, ಕಬ್ಬು, ತೆಂಗು
ಲೋಕವೆಲ್ಲ ಗಿರಗಿರ;
ಎದುರಿಗೆ ಕೂತ ಇವನ ಮುಖ ಮಾತ್ರ ಇದ್ದಲ್ಲೇ ಇತ್ತು.
ಆಗ ಕೂಗಿದ:
"ದೇವೀರೀ! ಬಿಗಿಯಾಗ್ ಹಿಡ್ಕೊ!"

ನನ್ನ ಹೆಸರು.
ಮನೆಯಲ್ಲಿ "ಏಯ್", ಜನರ ಮುಂದೆ "ನಮ್ಮೋಳು".
ರೇಷನ್ ಕಾರ್ಡು ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಹೆಸರು
ಇವನ ಬಾಯಲ್ಲಿ ಇದೆಯೆಂದೇ ಗೊತ್ತಿರಲಿಲ್ಲ.

ಸುಳಿ ಬಿಟ್ಟಿತು. ಮೊಣಕಾಲವರೆಗೆ ಒದ್ದೆ.
ಇವನು ನೀರನ್ನೇ ನೋಡುತ್ತ ಹುಟ್ಟು ಹಾಕಿದ,
ನಾನು ಏನೂ ಕೇಳಿಸದವಳ ಹಾಗೆ ಸೆರಗು ಹಿಂಡಿದೆ.

ಬೆಸ್ತರಕೊಪ್ಪಲೆಂದರೆ ಹದಿನೈದು ಮನೆ, ಒಂದು ನೇರಳೆ ಮರ,
ಬೇಲಿಯ ಮೇಲೆ ಒಣಹಾಕಿದ ನೀಲಿ ಬಲೆ,
ಬಲೆಗೆ ಸಿಕ್ಕಿಕೊಂಡ ಯಾವುದೋ ಮಗುವಿನ ಚಡ್ಡಿ.
ಬಾಲ ಎತ್ತಿ ಓಡಿಬಂದ ಬೆಕ್ಕುಗಳು
ಇವರ ಹತ್ತಿರ ಏನೂ ಇಲ್ಲವೆಂದು ಕೂತವು.

ದುಂಡಮ್ಮ ಮಾತಿಲ್ಲದೆ ಹರಿಗೋಲು ಕವುಚಿದಳು,
ಹೆಣ್ಣು ನೋಡಲು ಬಂದವರ ಹಾಗೆ
ತಟ್ಟಿದಳು, ಮೂಸಿದಳು, ಉಗುರು ಹಾಕಿದಳು.
"ಇಲ್ಲೊಂದ್ ಸುತ್ತು ಸಡ್ಲ ಅದೆ."
ನಾನು ಬಾಯಿ ತೆರೆಯುವ ಮೊದಲೇ
"ಅದು ನಾನ್ ಕಟ್ಟಿದ್ದು ಕಣಕ್ಕ" ಅಂದ ಇವನು.
ಮುನ್ನೂರು ಮುರಿದುಕೊಂಡಳು.

ಮುರಿದುಕೊಂಡವಳೇ ಜಗುಲಿಯಲ್ಲಿ ಕೂರಿಸಿ
ಬಿಸಿ ಮುದ್ದೆ, ಜಿಲೇಬಿ ಮೀನಿನ ಸಾರು ಇಕ್ಕಿದಳು;
ನಮ್ಮ ರೊಟ್ಟಿ ಅವಳ ಮೊಮ್ಮಗನ ಪಾಲು.
ಕೈ ತೊಳೆಯುವಷ್ಟರಲ್ಲಿ ಹರಿಗೋಲು ನೀರಿನಲ್ಲಿತ್ತು,
ಮಗ ಬಲೆ ಬಿಡುತ್ತಿದ್ದ, ಸೊಸೆ ಹುಟ್ಟು ಹಾಕುತ್ತಿದ್ದಳು.
"ಅವ್ಳೇ ಹುಟ್ಟಾಕ್ತಾವ್ಳೆ ನೋಡು" ಅಂದ.
"ಹೂಂ. ನಾನೂ ಕೇಳ್ಬೇಕಿತ್ತು" ಅಂದೆ.
ಅದಕ್ಕೆ ಇವನು ಏನೂ ಹೇಳಲಿಲ್ಲ.
ನಮ್ಮ ಹರಿಗೋಲು ಸಣ್ಣದಾಗುತ್ತ ಹೋಯಿತು,
ಮೊರದಷ್ಟು, ಆಮೇಲೆ ತಟ್ಟೆಯಷ್ಟು.

ನಾಲೆಯ ಏರಿಯ ಮೇಲೆ ಎರಡು ಮೈಲಿ ನಡೆದು ಬಸ್ಸು.
ಹುಟ್ಟು ನಮ್ಮದೇ, ಮಾರಿರಲಿಲ್ಲ.
ನನಗೆ ಫ್ರೀ, ಇವನಿಗೆ ಪೂರ್ತಿ,
ಹುಟ್ಟಿಗೆ ಅರ್ಧ ಟಿಕೆಟ್ ಹರಿದ ಕಂಡಕ್ಟರ್.
ಮಡಿಲಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಎರಡು ಮೀನು,
ಇನ್ನೂ ತಣ್ಣಗೆ.

ತಿರುವಿನಲ್ಲಿ ಬಸ್ಸು ವಾಲಿತು.
ನನ್ನ ಕೈ ತಾನಾಗಿ ಹಿಡಿಯಲು ಹುಡುಕಿ
ಹುಟ್ಟು ಹಿಡಿದುಕೊಂಡಿತು.
ಮುಂದಿನ ತಿರುವಿನಲ್ಲಿ ಇನ್ನೂ ಜೋರಾಗಿ ವಾಲಲಿ,
ಮತ್ತೊಮ್ಮೆ ಕೂಗಿದರೂ ಕೂಗಿಯಾನು, ಅಂದುಕೊಂಡೆ.

ಡ್ರೈವರು ನಿಧಾನಸ್ಥ.
ಇವನಿಗೆ ಆಗಲೇ ನಿದ್ದೆ.