ಬಲ್ಲವರ ಸಹಿ

ನಮೂನೆಯಲ್ಲಿ ಹನ್ನೊಂದು ಖಾನೆ.
ಹತ್ತನ್ನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತುಂಬಿದೆ:
ಇಂಚರ ಸಿ., ಎಲ್ಎಲ್‌ಬಿ, ಮೂರನೆಯ ವರ್ಷ,
ವಕೀಲರ ಸಂಘದ ವಿದ್ಯಾರ್ಥಿ ಸದಸ್ಯತ್ವ, ಇನ್ನೂರು ರೂಪಾಯಿ,
ಓಟಿಲ್ಲ, ಲೈಬ್ರರಿಯಲ್ಲಿ ಕೂರಬಹುದು.
ಹನ್ನೊಂದನೆಯದು ಕೇಳಿತು:
ನಿಮ್ಮನ್ನು ಬಲ್ಲ ವಕೀಲರೊಬ್ಬರ ಸಹಿ.

ಜೊತೆಯವರಿಗೆ ಮಾವಂದಿರಿದ್ದರು, ದೊಡ್ಡಪ್ಪಂದಿರಿದ್ದರು,
ಒಬ್ಬಳಿಗಂತೂ ಮನೆಯ ಮುಂದಿನ ಕೋಣೆಯೇ ಆಫೀಸು.
ನನಗೆ ಗೊತ್ತಿದ್ದವರು ಇಬ್ಬರು.
ಅಪ್ಪನ ಪರ ನಿಂತವರು ತೀರಿಹೋಗಿದ್ದರು.
ಉಳಿದವರು ಗುರುಬಸಪ್ಪ,
ಬಸ್ಸಿನ ಮಾಲೀಕರ ಪರ.

ಬಾಲರಾಜ ಅರಸ್ ರಸ್ತೆಯಲ್ಲಿ ಮೂರು ಸಲ ಅತ್ತಿತ್ತ ನಡೆದೆ.
ಜೆರಾಕ್ಸ್ ಅಂಗಡಿಯವ ಕೇಳಿದ, "ಎಷ್ಟು ಕಾಪಿ ಅಮ್ಮ?"

ಹದಿನಾರು ವರ್ಷ ಅಪ್ಪ ತೀರ್ಥಹಳ್ಳಿ ರೂಟಿನಲ್ಲಿದ್ದ.
ಮಂಡಗದ್ದೆಯ ತಿರುವುಗಳು ಅವನ ಭುಜಕ್ಕೆ ಬಾಯಿಪಾಠ.
ಕೆಲಸ ಹೋದ ಮೇಲೂ, ಟೀವಿ ಮುಂದೆ ಕೂತರೆ,
ಬಲಗಾಲು ನೆಲದಲ್ಲಿ ಬ್ರೇಕು ಹುಡುಕುತ್ತಿತ್ತು.
ವಾಯಿದೆಯ ದಿನ ಇಸ್ತ್ರಿ ಮಾಡಿದ ಖಾಕಿಯನ್ನೇ ಹಾಕುತ್ತಿದ್ದ,
ಅಮ್ಮ ಬೇಡವೆಂದರೂ.
ಆದೇಶದಲ್ಲಿ ಅವನದು ತಪ್ಪು ಎಂದಿರಲಿಲ್ಲ,
ಸರಿ ಎಂದೂ ಇರಲಿಲ್ಲ.
ಒಂದು ಟ್ರಿಪ್ಪನ್ನೂ ಲೇಟು ಮಾಡದ ಡ್ರೈವರಿಗೆ
ಒಂಬತ್ತು ವರ್ಷದ ಮೇಲೆ ಬಂದ ಉತ್ತರ:
ಅವಧಿ ಮೀರಿದೆ.

ಗುರುಬಸಪ್ಪನವರು ನಮೂನೆಯನ್ನು ಬೆಳಕಿಗೆ ಹಿಡಿದರು,
ಕ್ರಯಪತ್ರ ಓದುವ ಹಾಗೆ, ಹಿಂಬದಿಯನ್ನೂ ನೋಡಿದರು.
"ಸಿ ಅಂದರೆ?"
"ಚೌಡಪ್ಪ."
ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.
"ಖಾಕಿ ಹಾಕಿಕೊಂಡು ಬರೋರು."
ಹೌದು ಸಾರ್, ಎಂದೆ.

"ತಡ ಯಾಕಾಯ್ತು, ಮನ್ನಿಸಿ ಅಂತ
ಒಂದು ಪುಟ ಬರೆದು ಕೊಟ್ಟಿದ್ದರೆ ನಾನು ಸೋಲ್ತಿದ್ದೆ.
ಆ ಪುಟಕ್ಕೆ ಹೆದರಿಕೊಂಡೇ ಪ್ರತಿ ವಾಯಿದೆಗೂ ಬರ್ತಿದ್ದೆ.
ಬರಲೇ ಇಲ್ಲ.
ನಾನು ಹೇಳೋ ಹಾಗಿರಲಿಲ್ಲ ಕಣಮ್ಮ, ಇನ್ನು ಸ್ವಲ್ಪ ದಿನಕ್ಕೆ
ನಿನಗೇ ಗೊತ್ತಾಗುತ್ತೆ ಅದು."

ಸಿಟ್ಟು ಬರಬೇಕಿತ್ತು.
ನನ್ನ ಕಣ್ಣು ಮಾತ್ರ ಅವರ ಸಹಿಯ ಕೆಳಗಿನ ತಾರೀಖಿನ ಮೇಲಿತ್ತು,
ಸರಿಯಾಗಿ ಬರೆದಿದ್ದಾರಾ ಎಂದು.

ಯಾರು ಸಹಿ ಹಾಕಿದರೆಂದು ಕಾರ್ಡಿನಲ್ಲಿರುವುದಿಲ್ಲ.
ಅಪ್ಪ ಅದನ್ನು ಲೈಸೆನ್ಸಿನ ಹಾಗೆ ತಿರುಗಿಸಿ ನೋಡಿದ,
ನನ್ನ ಫೋಟೋಕ್ಕಿಂತ ಮೊದಲು ಕೊನೆಯ ಸಾಲನ್ನು.
"ಎಲ್ಲಿವರೆಗೆ ಇದು?"
"ಮಾರ್ಚ್ ಮೂವತ್ತೊಂದು."
"ಇಪ್ಪತ್ತಕ್ಕೇ ಹೋಗಿ ಕಟ್ಟಿಬಿಡು," ಅಂದ.